ಮಂಗಳವಾರದ ಸ್ಕ್ಯಾನ್

ಇಂಥದ್ದನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳೇ ನಾನು. ಹುಮನಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಯಂತ್ರ ನಡೆಸುವುದು ನನ್ನ ಕೆಲಸ. ನಾವು ಹಾಕಿದ್ದಷ್ಟೇ ಕಂಪ್ಯೂಟರಿನಲ್ಲಿ ಇರುತ್ತದೆ ಎಂದು ನಂಬಿದ್ದವಳು. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಕಳ್ಳರು ದೂರದಿಂದಲೇ ಆಸ್ಪತ್ರೆಯ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳುತ್ತಾರೆಂದು ಗೊತ್ತಾದಾಗಿನಿಂದ ಭಾನುವಾರ ಭಾನುವಾರ ಎಲ್ಲ ಸ್ಕ್ಯಾನ್‌ಗಳನ್ನೂ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿ, ವೈರು ಬಿಚ್ಚಿ, ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಬುಧವಾರ ಬೆಳಿಗ್ಗೆ ನಾವು ಹೆದರಿದ್ದೇ ನಡೆದುಹೋಯಿತು. ಪರದೆಯ ತುಂಬ ಬೆದರಿಕೆಯ ಅಕ್ಷರ. ಒಂದು ಚಿತ್ರವೂ ತೆರೆಯಲಿಲ್ಲ. ವೈರುಗಳನ್ನೆಲ್ಲ ಕಿತ್ತೆವು. ಕಂಪ್ಯೂಟರ್ ನೋಡಿಕೊಳ್ಳುವ ಇರ್ಫಾನ್ ಬಸವಕಲ್ಯಾಣದಿಂದ ಬಂದರು. ಅವರು ಎಲ್ಲ ಅಳಿಸಿ ಹೊಸದಾಗಿ ಸಜ್ಜು ಮಾಡಿದ ಮೇಲೆ ಮಧ್ಯಾಹ್ನಕ್ಕೆ ಯಂತ್ರ ನಡೆಯಿತು. ಹಳೆಯ ಚಿತ್ರಗಳು ಮಾತ್ರ ಹೋಗಿದ್ದವು.

ವಾರ್ಡಿನಲ್ಲಿ ದುಬಲಗುಂಡಿಯ ರತ್ನಮ್ಮ ಇದ್ದಳು. ಮಂಗಳವಾರ ಬಿದ್ದು ತಲೆಗೆ ಪೆಟ್ಟಾಗಿ ಬಂದವಳು. ಆಗ ನಾನೇ ಸ್ಕ್ಯಾನ್ ತೆಗೆದಿದ್ದೆ. ಈಗ ತಲೆನೋವು ಹೆಚ್ಚಿತ್ತು. ಮತ್ತೆ ತೆಗೆದೆ, ತಲೆಯೊಳಗೆ ರಕ್ತ ಕಂಡಿತು. ಬುಧವಾರ ಡ್ಯೂಟಿಗೆ ಬಂದ ಡಾಕ್ಟರ್ ಮೇಡಂ ಹಿಂದಿನ ದಿನದ ಚಿತ್ರ ನೋಡಿರಲಿಲ್ಲ. ರಕ್ತ ಬೆಳೆಯುತ್ತಿದ್ದರೆ ತಕ್ಷಣ ಕಲಬುರಗಿಗೆ ಕಳಿಸಬೇಕು, ಅದು ತಿಳಿಯಲು ನಿನ್ನೆಯದು ಬೇಕು ಎಂದರು.

“ನಿನ್ನಿ ಫೋಟೊ ಸಿಗಲ್ಲೇನ್ರಿ ಅಕ್ಕೋರೆ?” ರತ್ನಮ್ಮನ ಗಂಡ ಶರಣಪ್ಪ ಬಾಗಿಲಲ್ಲೇ ನಿಂತಿದ್ದ.

“ನೋಡಾಕತ್ತೇವ್ರಿ,” ಎಂದೆ. ಸಿಗುವುದಿಲ್ಲವೆಂದು ಗೊತ್ತಿತ್ತು. ಡಿಸ್ಕಿನಲ್ಲಿದ್ದದ್ದು ಭಾನುವಾರದವರೆಗಿನದು. ಅವನ ಮುಖ ನೋಡಲಾಗದೆ ಕಪಾಟು ತೆರೆದೆ.

ಇರ್ಫಾನ್ ತಮ್ಮ ಲ್ಯಾಪ್‌ಟಾಪಿಗೆ ಡಿಸ್ಕ್ ಹಚ್ಚಿದರು. ಭಾನುವಾರದ ಹೆಸರುಗಳ ಕೆಳಗೆ ಇನ್ನೊಂದೇ ಹೆಸರು. ರತ್ನಮ್ಮ, ದುಬಲಗುಂಡಿ, ಮಂಗಳವಾರ. ಸೋಮವಾರ, ಮಂಗಳವಾರ ಬಂದ ಬೇರೆ ಯಾರದೂ ಇರಲಿಲ್ಲ.

ಅದು ಹೇಗೆ ಬಂತೆಂದು ಕೇಳುವ ಪುರುಸೊತ್ತು ಮೇಡಂಗೆ ಇರಲಿಲ್ಲ. ಎರಡೂ ಚಿತ್ರ ಪಕ್ಕಪಕ್ಕದಲ್ಲಿಟ್ಟು, “ಬೆಳೆದಿದೆ, ಆಂಬುಲೆನ್ಸ್ ಕರೀರಿ,” ಎಂದರು. ರತ್ನಮ್ಮನಿಗೆ ಆ ಸಂಜೆಯೇ ಆಪರೇಷನ್ ಆಯಿತು. ಉಳಿದಳು.

ಎಲ್ಲರೂ ಹೋದ ಮೇಲೆ ಇರ್ಫಾನ್ ಕೇಳಿದರು: “ಮಂಗಳವಾರ ನೀವು ಡಿಸ್ಕ್ ಹಚ್ಚಿದ್ರೇನ್ರಿ ಮ್ಯಾಡಂ?”

“ಇಲ್ರಿ. ಕೀಲಿ ನನ್ನ ಹತ್ರನೇ ಇತ್ತು.”

“ಹಚ್ಚಿದ್ರೂ ಎಲ್ಲಾರದೂ ಬರಬೇಕಿತ್ತಲ್ಲ. ಇವರದೊಂದೇ ಹ್ಯಾಂಗ ಬಂತು?”

ಅವರು ಮತ್ತೆ ಮತ್ತೆ ಪರೀಕ್ಷಿಸಿ, ಡಿಸ್ಕ್ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಕೆಲಸದ ಭರದಲ್ಲಿ ನಾನೇ ಅದೊಂದನ್ನು ಇಳಿಸಿ ಮರೆತಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಹಾಗಿದ್ದರೆ, ಅಷ್ಟು ಜನರಲ್ಲಿ ಅವಳನ್ನೇ ಏಕೆ ಆರಿಸಿದೆ? ನಾನಲ್ಲ ಎಂದುಕೊಂಡರೂ ನೆಮ್ಮದಿಯಿಲ್ಲ, ನಾನೇ ಎಂದುಕೊಂಡರೂ ಇಲ್ಲ.