ಎಡಗೈ ರಿಮೋಟ್

ಮಾರ್ಚ್ ಎರಡನೇ ಶುಕ್ರವಾರ ಸಂಜೆ ಕೆಲಸದಿಂದ ಮನೆಗೆ ಬಂದಾಗ ನನ್ನ ಮೇಜಿನ ಮೇಲೆ ಗಾಡಿ ಇರಲಿಲ್ಲ. ಅದು ನಿಂತಿದ್ದಲ್ಲಿ ಧೂಳಿಲ್ಲದ ಒಂದು ಉದ್ದನೆಯ ಚೌಕ ಉಳಿದಿತ್ತು. ಗಾಜಿಪುರದ ನಮ್ಮ ಮನೆಯಲ್ಲಿ ಬೇಸಿಗೆಯ ಧೂಳು ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಕೂತಿರುತ್ತದೆ. ರಿಮೋಟೂ ಇರಲಿಲ್ಲ. ಚಾರ್ಜರ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿ ಹಾಗೇ ಇತ್ತು. ಒಯ್ದವರಿಗೆ ಅದು ಯಾಕೆ ಬೇಕೆಂದು ಗೊತ್ತಿರಲಿಲ್ಲ.

ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಗಾಡಿ ಎಲ್ಲಿ ಎಂದು ಕೇಳಿದೆ.

"ಮಾಮಾ ಬಂದಿದ್ರು. ಕಮಲಾಪುರಕ್ಕ ಒಯ್ದ್ರು. ರವಿವಾರ ಅವರ ಮನ್ಯಾಗ ಸತ್ಯನಾರಾಯಣ ಅದಲ್ಲ, ಬಂದ ಮಂದಿಗೆ ತೋರಸ್ತಾರಂತ."

"ನನ್ನ ಕೇಳಲಾರ್ದ ಹ್ಯಾಂಗ ಕೊಟ್ಟಿ?"

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಆಪಲಂಚ್ ಆಹೆ," ಎಂದರು.

ನಮ್ಮ ಮನೆಯಲ್ಲಿ ಮರಾಠಿ, ಕನ್ನಡ ಎರಡೂ ನಡೆಯುತ್ತವೆ. ಸಿಟ್ಟು, ಲೆಕ್ಕ, ಜಗಳ ಕನ್ನಡದಲ್ಲಿ. ದೇವರು, ನೆಂಟರು, ಸಿಹಿ ಮಾತು ಮರಾಠಿಯಲ್ಲಿ. ಆಪಲಂ ಎಂದರೆ ನಮ್ಮದು. ಆದರೆ ಬರೀ ನಮ್ಮದಲ್ಲ, ಹೇಳುವವನದೂ ಕೇಳುವವನದೂ ಸೇರಿದ ನಮ್ಮದು. ಕನ್ನಡದಲ್ಲಿ ಅಂಥ ಪದವಿಲ್ಲ, ಇಲ್ಲದಿರುವುದು ಒಳ್ಳೆಯದೇ. ಈ ಪದವನ್ನು ಒಯ್ಯುವವರು ಹೇಳುತ್ತಾರೆ, ಕಳೆದುಕೊಳ್ಳುವವರು ಕೇಳುತ್ತಾರೆ. ನನ್ನ ಸೈಕಲ್ ಕಮಲಾಪುರಕ್ಕೆ ಹೋದಾಗ ಅದು ಆಪಲಂ ಆಗಿತ್ತು. ಡಿಪ್ಲೊಮಾದ ಡ್ರಾಯಿಂಗ್ ಬೋರ್ಡ್ ಹೋದಾಗಲೂ ಹಾಗೆಯೇ. ಮಾಮಾನ ಮನೆಯಿಂದ ನಮ್ಮ ಮನೆಗೆ ಬಂದ ಯಾವ ವಸ್ತುವೂ ಆಪಲಂ ಆಗಿದ್ದು ನನಗೆ ನೆನಪಿಲ್ಲ.

ಗಾಡಿಯ ಬಗ್ಗೆ ಹೇಳಬೇಕು. ಸಣ್ಣವಳಿದ್ದಾಗ ಟಿವಿಯಲ್ಲಿ ನೋಡಿದ ಒಂದು ಸಿನಿಮಾದಲ್ಲಿ ಆರು ಚಕ್ರದ, ಮುಂದೆ ಮೊಂಡ ಮೂತಿಯ ಒಂದು ಲಾರಿ ಇತ್ತು. ಕಥೆ ಮರೆತುಹೋಗಿದೆ. ಲಾರಿ ಮರೆತಿಲ್ಲ. ಮೊದಲ ವರ್ಷದ ಸಂಬಳದಲ್ಲಿ ಮೂರು ಆಯಾಮದ ಪ್ರಿಂಟರ್ ಕೊಂಡ ಮೇಲೆ ಅದನ್ನೇ ಮಾಡಬೇಕೆಂದು ಕೂತೆ. ಆ ಲಾರಿಯ ನಕ್ಷೆ ಎಲ್ಲಿಯೂ ಸಿಗಲಿಲ್ಲ. ಸಿನಿಮಾವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಲಾರಿಯ ಬಾಗಿಲಿಗೆ ಒರಗಿ ನಿಂತ ನಟನ ಎತ್ತರವನ್ನು ಅಂದಾಜು ಮಾಡಿಕೊಂಡು, ಅದರಿಂದ ಬಾಗಿಲು, ಬಾಗಿಲಿನಿಂದ ಚಕ್ರ, ಚಕ್ರದಿಂದ ಇಡೀ ಗಾಡಿಯ ಅಳತೆ ತೆಗೆದೆ. ನಟ ಒಂದು ದೃಶ್ಯದಲ್ಲಿ ದಪ್ಪ ಅಟ್ಟೆಯ ಬೂಟು ಹಾಕಿದ್ದ ಎಂದು ಆಮೇಲೆ ಗೊತ್ತಾಯಿತು. ಎಲ್ಲವನ್ನೂ ಮತ್ತೆ ಅಳೆದೆ.

ಗಾಡಿಯಲ್ಲಿ ಅರವತ್ನಾಲ್ಕು ಭಾಗಗಳಿವೆ. ಅವನ್ನು ಪ್ರಿಂಟ್ ಮಾಡುವಾಗ ಕೆಟ್ಟುಹೋದವು ಮೂವತ್ತೊಂದು. ಹತ್ತೊಂಬತ್ತು ಕರೆಂಟ್ ಹೋಗಿ, ಏಳು ಸೆಕೆಗೆ, ಐದು ನನ್ನ ತಪ್ಪಿಗೆ. ಪ್ರಿಂಟರ್ ಪ್ಲಾಸ್ಟಿಕ್ಕಿನ ಎಳೆಯನ್ನು ಕರಗಿಸಿ ಕೂದಲೆಳೆಯಷ್ಟು ತೆಳ್ಳಗೆ ಪದರದ ಮೇಲೆ ಪದರ ಇಡುತ್ತಾ ಹೋಗುತ್ತದೆ. ಒಂದು ಚಕ್ರಕ್ಕೆ ಅರ್ಧ ದಿನ ಬೇಕು. ಮುಕ್ಕಾಲು ಮುಗಿದಾಗ ಕರೆಂಟ್ ಹೋದರೆ ಉಳಿಯುವುದು ಕೊಬ್ಬರಿ ಬಟ್ಟಲಿನಂಥ ಒಂದು ತುಂಡು. ಆಯಿ, ನನ್ನ ಅಮ್ಮ, ಅಂಥವುಗಳಲ್ಲಿ ಎರಡನ್ನು ತೆಗೆದುಕೊಂಡು ಹೋಗಿ ಅರಿಶಿನ ಕುಂಕುಮ ಹಾಕಿಟ್ಟಿದ್ದಾಳೆ. ಅದಕ್ಕೆ ನನಗೆ ಬೇಸರವಿಲ್ಲ. ಅವಳು ಕೇಳಿ ತೆಗೆದುಕೊಂಡಳು.

ಕೊನೆಗೆ ಮಾಡಿದ್ದು ರಿಮೋಟ್. ಅಂಗಡಿಯಲ್ಲಿ ಸಿಗುವುದು ಪಿಸ್ತೂಲಿನ ಆಕಾರದ್ದು. ಅದನ್ನು ಎಡಗೈಯಲ್ಲಿ ಹಿಡಿದು ಬೆರಳಿನಿಂದ ವೇಗ ಕೊಡಬೇಕು, ಬಲಗಡೆ ಇರುವ ಪುಟ್ಟ ಚಕ್ರವನ್ನು ಬಲಗೈಯಿಂದ ತಿರುಗಿಸಬೇಕು. ನಾಜೂಕಾದ ಕೆಲಸವೆಲ್ಲ ಬಲಗೈಗೆ. ನಾನು ಎಡಚಿ. ಅದಕ್ಕೆ ಒಳಗಿನ ಯಂತ್ರವನ್ನೆಲ್ಲ ಹೊರಗೆ ತೆಗೆದು, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಹೊಸ ಕವಚವನ್ನು ಪ್ರಿಂಟ್ ಮಾಡಿ, ತಿರುಗಿಸುವ ಚಕ್ರವನ್ನು ಎಡಕ್ಕೆ ತಂದೆ. ಈ ಊರಿನಲ್ಲಿ ನನ್ನ ಕೈಗೆಂದೇ ಮಾಡಿದ ವಸ್ತು ಅದೊಂದೇ. ಕತ್ತರಿಯೂ ನನ್ನ ಕೈಗೆ ಆಗುವುದಿಲ್ಲ.

ಎಡಗೈಯನ್ನು ಬಿಡಿಸಲು ನಮ್ಮ ಮನೆಯಲ್ಲಿ ಮಾಡದ ಉಪಾಯವಿಲ್ಲ. ಅವುಗಳಲ್ಲಿ ಹೆಚ್ಚಿನವನ್ನು ಮಾಡಿದ್ದು ಕಮಲಾಪುರದ ಅಜ್ಜಿ, ಆಯಿಯ ತಾಯಿ. ಬೇಸಿಗೆ ರಜೆಗೆ ಹೋದಾಗ ಊಟಕ್ಕೆ ಕೂಡಿಸುವ ಮೊದಲು ನನ್ನ ಎಡಗೈಯನ್ನು ಹಳೆಯ ಪಂಚೆಯ ಚೂರಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ತೀರ್ಥಕ್ಕೆ ತಪ್ಪಿ ಆ ಕೈ ಚಾಚಿದರೆ ತೀರ್ಥ ಹಾಕುವ ಉದ್ಧರಣೆಯಿಂದಲೇ ಬೆರಳ ಗಂಟಿನ ಮೇಲೆ ಒಂದು ಹೊಡೆತ. ತಿನ್ನುವುದಕ್ಕೂ ಕೊಡುವುದಕ್ಕೂ ಬಲಗೈ ಕಲಿತೆ. ಬರೆಯುವುದು, ಸ್ಕ್ರೂ ತಿರುಗಿಸುವುದು ಎಡದಲ್ಲೇ ಉಳಿಯಿತು.

ಮಾಮಾನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಗಾಡಿ ತಯಾರಾಗುತ್ತಿದ್ದಾಗ ನಾಲ್ಕು ಸಲ ಬಂದಿದ್ದ. ನಾಲ್ಕೂ ಸಲ ಮಂಚದ ಮೇಲೆ ಕೂತು ಚಹಾ ಕುಡಿದ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಒಂದು ನಟ್ಟು ಕೆಳಗೆ ಬಿದ್ದಾಗ ಕಾಲಿನಿಂದ ನನ್ನ ಕಡೆಗೆ ಸರಿಸಿದ. ಅವನ ಸಹಾಯ ಅಷ್ಟೇ. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಸೋದರಮಾವನ ಮಗನಿಗೆ ಹೆಣ್ಣು ಕೊಡುವ ರೂಢಿ ಇದೆ. ನಾನು ತೊಟ್ಟಿಲಲ್ಲಿದ್ದಾಗಿನಿಂದ ನಮ್ಮಿಬ್ಬರ ಹೆಸರು ಸೇರಿಸಿ ನಗುತ್ತಾರೆ. ನನ್ನನ್ನು ಯಾರೂ ಕೇಳಿಲ್ಲ. ಕೇಳಿದರೆ ಉತ್ತರ ಕೊಡಬಹುದಿತ್ತು. ಬರೀ ನಗುವವರಿಗೆ ಉತ್ತರ ಕೊಡುವುದು ಹೇಗೆ?

ಶನಿವಾರ ಮಧ್ಯಾಹ್ನ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಾಮಿ ಫೋಟೊ ಹಾಕಿದರು. ಅವರ ಮಗ ಬಾಳೆ ತೋಟದ ಬದುವಿನ ಮೇಲೆ ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ಕೆಳಗೆ, ಮಗ ಸ್ವಂತ ಕೈಯಿಂದ ಮಾಡಿದ ಗಾಡಿ, ಮುಂದಿನ ವಾರ ಕಾಲೇಜಿನ ಪ್ರದರ್ಶನಕ್ಕೆ, ಆಶೀರ್ವಾದ ಮಾಡಿರಿ ಎಂದು ಬರೆದಿತ್ತು. ಚಪ್ಪಾಳೆ ತಟ್ಟುವ ಕೈಗಳು ಸಾಲಾಗಿ ಬಂದವು. ಪುಣೆಯ ಕಾಕಾ, ಸೊಲ್ಲಾಪುರದ ಅತ್ತೆ, ಎಲ್ಲರೂ. ಅದು ನಾನು ಮಾಡಿದ್ದು ಎಂದು ಬರೆದೆ. ಆಮೇಲೆ ಮಾಮಿಯ ಉತ್ತರ ಬಂತು: "ಗಂಡಂದು ಹೆಂಡ್ತೀದು ಬ್ಯಾರೆ ಬ್ಯಾರೆ ಇರ್ತದೇನವಾ?" ಅದರ ಕೆಳಗೆ ಮತ್ತೆ ನಗು, ಮತ್ತೆ ಚಪ್ಪಾಳೆ.

ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಪ್ರದರ್ಶನಕ್ಕೆ ಹೋದರೆ ಗಾಡಿ ಅವನದಾಗುತ್ತದೆ. ಸರ್ಟಿಫಿಕೇಟಿನಲ್ಲಿ ಅವನ ಹೆಸರು ಬರುತ್ತದೆ. ಹೋಗಲಿ ಬಿಡು ಎಂದು ನಾನು ಸುಮ್ಮನಾದರೆ ಗಾಡಿಯ ಹಿಂದೆ ನಾನೂ ಅದೇ ಲೆಕ್ಕದಲ್ಲಿ ಹೋಗುತ್ತೇನೆ. ಇದು ನನಗೆ ಸ್ಪಷ್ಟವಾಗಿತ್ತು. ಅಪ್ಪನಿಗೆ ಹೇಳಿದೆ. ಮಂದಿ ಮುಂದೆ ರಂಪ ಮಾಡಬೇಡ, ಆಮೇಲೆ ಮಾತಾಡೋಣ ಎಂದರು. ನಮ್ಮ ಮನೆಯಲ್ಲಿ ಆ ಆಮೇಲೆ ಎಂದೂ ಬಂದಿಲ್ಲ.

ಭಾನುವಾರ ಬೆಳಿಗ್ಗೆ ಮೂವರೂ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ಪೂಜೆ ಮುಗಿದು, ಕೆಂಪು ಬಾಳೆಹಣ್ಣು ಹಾಕಿದ ಪ್ರಸಾದದ ಶಿರಾ ಹಂಚಿ ಆದ ಮೇಲೆ ಗಾಡಿಯನ್ನು ಅಂಗಳಕ್ಕೆ ತಂದರು. ನನಗೆ ಮೊದಲು ಕಂಡದ್ದು ಮೂತಿ. ಮೂತಿಯ ಬಲಗಡೆ ಮೇಣದಂತೆ ಬಾಗಿತ್ತು. ಶುಕ್ರವಾರ ನಮ್ಮೂರಿನ ಪೇಟೆ ಜಗತ್‌ನಲ್ಲಿ ಕಾರು ನಿಲ್ಲಿಸಿ ಮಾಮಿಗೆ ಸೀರೆ ಕೊಳ್ಳಲು ಹೋಗಿದ್ದರಂತೆ. ಗಾಡಿ ಗಾಜು ಏರಿಸಿದ ಕಾರಿನ ಹಿಂದಿನ ಸೀಟಿನಲ್ಲಿ, ಮಟಮಟ ಮಧ್ಯಾಹ್ನ. ಈ ಪ್ಲಾಸ್ಟಿಕ್ ಬಿಸಿಲಿನಲ್ಲಿಟ್ಟ ಕಾರಿನೊಳಗೆ ಮೆತ್ತಗಾಗುತ್ತದೆ ಎಂದು ಮಾಡಿದವರಿಗೆ ಗೊತ್ತಿರುತ್ತದೆ. ಅದು ಹೇಗೆ ಬಾಗಿತು ಎಂದು ಯಾರೋ ಕೇಳಿದರು. ಮಾಮಾನ ಮಗ ಸಿನಿಮಾದಲ್ಲೂ ಹಾಗೇ ಇದೆ ಎಂದ.

ಊರಿನ ಹಳೆಯ ಮಾಸ್ತರರೊಬ್ಬರು ಅವನನ್ನು ಅಳತೆ ಹೇಗೆ ತೆಗೆದೆ ಎಂದು ಕೇಳಿದರು. "ಇಂಟರ್‌ನೆಟ್‌ನ್ಯಾಗ ಎಲ್ಲಾ ಸಿಗ್ತದ್ರೀ. ಪ್ರಿಂಟರ್ ಚಾಲೂ ಮಾಡಿ ಮಲಗಿದ್ರ ಆತು, ಮುಂಜಾನೆ ಗಾಡಿ ತಯಾರ," ಎಂದ. ಎಲ್ಲರೂ ನಕ್ಕರು. ನನ್ನ ಕೈಯಲ್ಲಿ ಶಿರಾದ ದೊನ್ನೆ ಇತ್ತು. ಅದನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟೆ.

ಅವನು ರಿಮೋಟ್ ಹಿಡಿದ. ಎಡಗೈಯಲ್ಲಿ ಹಿಡಿದಾಗ ತಿರುಗಿಸುವ ಚಕ್ರ ಬಲಗೈಗೆ ಸಿಗಲಿಲ್ಲ. ಒಂದೆರಡು ಸಲ ಹುಡುಕಿದ, ಆಮೇಲೆ ರಿಮೋಟನ್ನೇ ಹಿಂದುಮುಂದು ಮಾಡಿ ಹಿಡಿದ. ಹಾಗೆ ಹಿಡಿದರೆ ಚಕ್ರ ಬಲಕ್ಕೆ ಬರುತ್ತದೆ, ಆದರೆ ಎಡವೆಂದರೆ ಬಲ, ಬಲವೆಂದರೆ ಎಡ. ಗಾಡಿ ಹೊರಟಿತು. ರಂಗೋಲಿಯಿಂದ ಆಚೆಗೆ ತಿರುಗಿಸಲು ಹೋದ, ಅದು ರಂಗೋಲಿಯ ಮೇಲೇ ಹಾಯ್ದು, ವೇಗ ತಗ್ಗದೆ ಹೋಗಿ ತುಳಸಿಕಟ್ಟೆಗೆ ಬಡಿಯಿತು. ಮುಂದಿನ ಮಡ್‌ಗಾರ್ಡ್ ಮುರಿದು ಚೂರುಗಳು ಉದುರಿದವು, ಉಳಿದ ಅರ್ಧ ನೇತಾಡಿತು.

ರಿಮೋಟ್ ಉಲ್ಟಾ ಕೂತಿದೆ, ಸೆಟ್ಟಿಂಗ್ ಬದಲಿಸಬೇಕು ಎಂದ. ಯಾರಿಗೂ ಏನೂ ಅನ್ನಿಸಲಿಲ್ಲ. ಹೊಸ ಗಾಡಿ, ಆಗ್ತದ ಬಿಡು ಎಂದು ಮಾಮಾ ಸಮಾಧಾನ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಪಡಸಾಲೆಯ ಮಂಚದಿಂದ ಅಜ್ಜಿ, ಅದೇನು ಇತ್ತ ತಾ ಎಂದಳು. ಅವಳಿಗೆ ಕಣ್ಣು ಮಂಜು. ಯಾವ ವಸ್ತುವನ್ನಾದರೂ ಸವರಿಯೇ ನೋಡುತ್ತಾಳೆ. ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಸವರಿದಳು. ಹೆಬ್ಬೆರಳು ಎಡಗಡೆಯ ಚಕ್ರದ ಮೇಲೆ ಬಂದು ನಿಂತಿತು. ಅವಳ ಹುಬ್ಬು ಗಂಟಿಕ್ಕಿತು.

"ಇದು ಎಡಚಿ ಕೆಲಸ," ಎಂದಳು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಯಾಕೋ, ನೀ ಎಂದರ ಎಡಗೈಲೆ ನೀರರೇ ಕುಡದೀಯೇನೋ?"

ಅವನು ಏನೋ ಗೊಣಗಿದ. ಅಜ್ಜಿ ಕಿವಿಗೊಡಲಿಲ್ಲ. ನನ್ನನ್ನು ಕರೆದಳು.

"ಬಾ ಇಲ್ಲೆ. ಎಷ್ಟ ಬಡದೀನಿ, ಆ ಕೈ ಬಿಡು ಅಂತ. ಬಿಟ್ಟಿ ಏನ? ಈಗ ಮಷೀನಿಗೂ ಆ ಖೋಡಿ ಕಲಿಸೀದಿ. ಹೋಗಿ ತುಳಸಿಗೆ ಬಡೀತು ನೋಡು, ಅಪಶಕುನ."

ಅವಳು ನನ್ನ ಪಕ್ಷ ವಹಿಸಲಿಲ್ಲ. ಬೈಯುತ್ತಿದ್ದಳು, ಮನಸಾರೆ ಬೈಯುತ್ತಿದ್ದಳು. ಆದರೆ ಆ ಅಂಗಳದಲ್ಲಿ ಗಾಡಿ ಮಾಡಿದವಳನ್ನು ಬೈದದ್ದು ಅವಳೊಬ್ಬಳೇ. ಉಳಿದವರೆಲ್ಲ ಮಾಡದವನನ್ನು ಹೊಗಳುತ್ತಿದ್ದರು. ಮಾಸ್ತರರು ಕನ್ನಡಕ ಏರಿಸಿ ನನ್ನ ಕೈ ನೋಡಿದರು.

ಅಜ್ಜಿಯ ಕೈಯಿಂದ ರಿಮೋಟ್ ತೆಗೆದುಕೊಂಡೆ, ಎಡಗೈ ಚಾಚಿಯೇ. ಗಾಡಿಯನ್ನು ಕಟ್ಟೆಯಿಂದ ಹಿಂದಕ್ಕೆ ತೆಗೆದು, ಮುರಿದ ಮಡ್‌ಗಾರ್ಡ್ ಎಳೆದಾಡುತ್ತಿದ್ದರೂ ಅಂಗಳವನ್ನು ಒಂದು ಸುತ್ತು ಹಾಕಿಸಿ ನನ್ನ ಕಾಲ ಬಳಿ ನಿಲ್ಲಿಸಿದೆ. ಉಳಿದಿದ್ದ ರಂಗೋಲಿಯ ಒಂದು ಚುಕ್ಕೆಯೂ ಅಳಿಯಲಿಲ್ಲ.

ಮಾಮಾ ನಕ್ಕರು. ದೊಡ್ಡವರು ನಗುವ ಆ ನಗುವೇ ನನ್ನ ಸಿಟ್ಟಿನ ಮೂಲ.

"ಇರ್ಲಿ ಬಿಡವಾ. ನಿಂದಾದ್ರೇನು, ಅವಂದಾದ್ರೇನು, ಆಪಲಂಚ್ ಅಲ್ಲ? ನಾಳೆ ಗಾಡಿ ತಗೊಂಡು ನೀ ಇದೇ ಮನಿಗೆ ಬರೂಕಿ."

"ಮಾಮಾ, ಗಾಡಿ ನಂದು. ಮನಿ ನಿಮ್ದು. ಎರಡೂ ಕೂಡಸಬ್ಯಾಡ್ರಿ. ನಾ ಈ ಮನಿಗೆ ಬರೂದಿಲ್ಲ."

ದನಿ ಏರಿಸದೆ ಹೇಳಿದೆ. ಅದಕ್ಕೇ ಇರಬೇಕು, ಅಡುಗೆ ಮನೆಯ ತನಕ ಕೇಳಿಸಿತು. ಹೆಣ್ಣುಮಕ್ಕಳಿಗೆ ಓದಿಸಿದರೆ ಹೀಗೇ ಎಂದು ಮಾಮಿ ಯಾರಿಗೋ ಎಂಬಂತೆ ಹೇಳಿದರು. ಮಾಮಾನ ಮಗ ಒಳಗೆ ಹೋದ. ಅವನಿಗೆ ಬೇಸರಕ್ಕಿಂತ ಹೆಚ್ಚಾಗಿ ಮುಂದಿನ ವಾರದ ಚಿಂತೆ ಇತ್ತು ಎಂದು ಕಾಣುತ್ತದೆ. ಅಪ್ಪ ನೆಲ ನೋಡುತ್ತಿದ್ದರು. ಆಯಿ ಎದ್ದು ಹೋಗಿ ಮಡ್‌ಗಾರ್ಡಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿನಲ್ಲಿ ಕಟ್ಟಿಕೊಂಡಳು. ನಾವು ಊಟಕ್ಕೆ ನಿಲ್ಲಲಿಲ್ಲ.

ಬಸ್ಸಿನಲ್ಲಿ ಗಾಡಿ ನನ್ನ ತೊಡೆಯ ಮೇಲಿತ್ತು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಮೂತಿಯ ಮೇಲೆ ದುಪಟ್ಟಾ ಹೊದಿಸಿದೆ. ಅಪ್ಪ ಪಕ್ಕದಲ್ಲಿ ಕೂತಿದ್ದರು. ಗಾಡಿಯನ್ನು ಎತ್ತಿ ಮಾಮಾನ ಕೈಗೆ ಕೊಟ್ಟವರು ಅವರೇ ಎಂಬುದನ್ನು ನಾನು ಮರೆತಿರಲಿಲ್ಲ, ಈಗಲೂ ಮರೆತಿಲ್ಲ.

ಕಂಡಕ್ಟರ್ ಬಂದು ದುಪಟ್ಟಾ ಸರಿಸಿ ಇಣುಕಿದ. "ಏನ್ರೀ ಇದು, ಲಗೇಜ್ ಏನ? ಯಾರದು?"

ಅಪ್ಪ ತಲೆ ಎತ್ತಿದರು. ಅವರ ತುಟಿ ಆ ಪದಕ್ಕೆ ತಯಾರಾದದ್ದು ನನಗೆ ಕಂಡಿತು.

"ನಂದು," ಎಂದೆ.

ಅಪ್ಪ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು.