ಜೂನ್ ಮೂವತ್ತೊಂದು

ವೆಬ್‌ಸೈಟಿನಲ್ಲಿ ಭದ್ರತೆಯ ದೋಷ ಕಂಡರೆ ಯಾರಿಗೆ ತಿಳಿಸಬೇಕು ಎಂದು ಹೇಳುವ ಪುಟ್ಟ ಕಡತವೊಂದು ಎಷ್ಟೋ ಸೈಟುಗಳಲ್ಲಿ ಇರುತ್ತದೆ. ಸಂಪರ್ಕದ ವಿಳಾಸ, ಅದನ್ನು ಯಾವ ದಿನದವರೆಗೆ ನಂಬಬಹುದು ಎಂಬ ತಾರೀಕು, ಹೆಚ್ಚೆಂದರೆ ಒಂದು ಫೋನ್ ನಂಬರು. ಅಂಥ ಕಡತಗಳನ್ನು ಓದಿ ಪಟ್ಟಿ ಮಾಡುವ ಪ್ರೋಗ್ರಾಮನ್ನು ನಾನು ಬೆಳಗೋಡಿನ ಮನೆಯಲ್ಲೇ ಕೂತು ಬರೆದಿದ್ದೆ. ನಮ್ಮ ಕಂಪನಿಯವರಿಗೆ ಯಾವುದಾದರೂ ಸೈಟಿನಲ್ಲಿ ದೋಷ ಸಿಕ್ಕಿದ ಕೂಡಲೇ, ಪಟ್ಟಿಯಲ್ಲಿದ್ದ ಆ ಸೈಟಿನವರ ವಿಳಾಸಕ್ಕೆ ಎಚ್ಚರಿಕೆ ತಾನಾಗಿಯೇ ಹೋಗುತ್ತಿತ್ತು.

ಆ ಸೋಮವಾರ ವನಗೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಬೆಳಿಗ್ಗೆ ತೆರೆದು ನೋಡಿದರೆ ಪಟ್ಟಿ ಅರ್ಧಕ್ಕೇ ನಿಂತಿತ್ತು. ಯಾರೋ ತಮ್ಮ ಕಡತದಲ್ಲಿ ಜೂನ್ ಮೂವತ್ತೊಂದು ಎಂದು ಬರೆದಿದ್ದರು. ಇಲ್ಲದ ತಾರೀಕು. ನನ್ನ ಪ್ರೋಗ್ರಾಮ್ ಅಲ್ಲೇ ಕುಸಿದು, ಅದರ ಮುಂದಿನ ಒಂದು ಕಡತವನ್ನೂ ಓದಿರಲಿಲ್ಲ. ಶುಕ್ರವಾರದಿಂದ ಹೀಗೇ.

ಬಿಟ್ಟುಹೋದವರಲ್ಲಿ ಒಂದು ಸಣ್ಣ ಆಸ್ಪತ್ರೆಯಿತ್ತು. ಅಲ್ಲಿನ ರೋಗಿಗಳ ರಕ್ತಪರೀಕ್ಷೆಯ ವರದಿಗಳನ್ನು ಯಾರು ಬೇಕಾದರೂ ತೆರೆಯಬಹುದು ಎಂಬುದು ಶನಿವಾರವೇ ಪತ್ತೆಯಾಗಿತ್ತು. ಎಚ್ಚರಿಕೆ ಮಾತ್ರ ಹೋಗಿರಲಿಲ್ಲ. ಆಸ್ಪತ್ರೆಯ ಕಡತವನ್ನು ನಾನೇ ತೆರೆದು ಫೋನ್ ನಂಬರು ಗೀಚಿಕೊಂಡೆ, ಅಷ್ಟರಲ್ಲಿ ಕರೆಂಟು ಹೋಯಿತು, ಜೊತೆಗೆ ಮನೆಯ ಇಂಟರ್ನೆಟ್ಟೂ.

"ಯಾಕೇ, ಮುಖ ಹಿಂಗ್ ಬಿಳಿಚ್ಕಂಡೈತೆ?" ಎಂದಳು ಅಕ್ಕ.

ತೊದಲುತ್ತಾ ಹೇಳಿದೆ.

"ಅಲ್ಲ ಕಣೇ, ಒಂದ್ ತಾರೀಕು ತಪ್ಪಿದ್ರೆ ಅದುನ್ನ ಬಿಟ್ಟು ಮುಂದಕ್ಕೋಗ್ಬೇಕಪ್ಪ. ಎಲ್ಲಾ ಯಾಕೆ ನಿಂತ್ಬುಡ್ತು?"

"ನಾನು ಹಂಗೆ ಬರ್ದಿರ್ಲಿಲ್ಲ."

ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ರಸ್ತೆಯ ಮೇಲಿನ ತಿರುವಿನಲ್ಲಿ ಮಾತ್ರ. ಏದುಸಿರು ಬಿಡುತ್ತಾ ಹತ್ತಿದೆ. ಎರಡನೇ ಸಲಕ್ಕೆ ಆಸ್ಪತ್ರೆಯ ಹೆಂಗಸೊಬ್ಬರು ಫೋನ್ ಎತ್ತಿದರು. ವಿಷಯ ಕೇಳಿ ಅವರ ದನಿ ಬದಲಾಯಿತು.

"ನೀವ್ಯಾರ್ರೀ? ನಿಮ್ಗೆ ಹೆಂಗ್ ಗೊತ್ತಾಯ್ತು? ನೀವೇ ತೆಗ್ದು ನೋಡಿದ್ರಾ?"

ಪೊಲೀಸರಿಗೆ ಹೇಳಿಬಿಟ್ಟರೆ? ನಾನು ಕಳ್ಳಿಯಲ್ಲ ಎಂದು ತೋರಿಸಲು ಆ ತಿರುವಿನಲ್ಲಿ ನನ್ನ ಬಳಿ ಏನೂ ಇರಲಿಲ್ಲ. ಮೊದಲು ಅದನ್ನು ಮುಚ್ಚಿಸಿ, ಆಮೇಲೆ ನನ್ನನ್ನು ಏನು ಬೇಕಾದರೂ ಕೇಳಿ ಎಂದೆ. ಫೋನ್ ಕಟ್ಟಾಯಿತು.

ಒಂದು ಗಂಟೆ ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆ. ಕೊನೆಗೆ ಸಂದೇಶ ಬಂತು: ಮುಚ್ಚಿದ್ದೇವೆ. ಅಷ್ಟರೊಳಗೆ ಯಾರಾದರೂ ತೆರೆದು ನೋಡಿದ್ದರೇ ಎಂದು ಕೇಳಿದೆ. ಯಾರು ತೆರೆದರೆಂಬ ದಾಖಲೆ ನಿನ್ನೆಯಿಂದೀಚೆಗೆ ಮಾತ್ರ ಇದೆ, ಅದರಲ್ಲಿ ಯಾರೂ ಇಲ್ಲ, ಹಿಂದಿನದು ಗೊತ್ತಾಗುವುದಿಲ್ಲ ಎಂದರು.

ನನ್ನ ಮೇಲಧಿಕಾರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು, "ನಾನೂ ನಿನ್ನೆ ಪಟ್ಟಿ ನೋಡಿದ್ದೆ. ಯಾಕೋ ಚಿಕ್ಕದಾಗಿದೆ ಅನ್ನಿಸ್ತು. ಕೇಳ್ಲಿಲ್ಲ" ಎಂದರು.

ಮಧ್ಯಾಹ್ನ ಕರೆಂಟು ಬಂದ ಮೇಲೆ ಪ್ರೋಗ್ರಾಮ್ ತಿದ್ದಿದೆ. ತಾರೀಕು ಅರ್ಥವಾಗದಿದ್ದರೆ ಹಾಗೆಂದು ಗುರುತು ಹಾಕಬೇಕು, ವಿಳಾಸವನ್ನು ಉಳಿಸಿಕೊಳ್ಳಬೇಕು, ಮುಂದಿನ ಕಡತಕ್ಕೆ ಹೋಗಬೇಕು. ಫೆಬ್ರವರಿ ಮೂವತ್ತು, ಹದಿಮೂರನೇ ತಿಂಗಳು, ಖಾಲಿ ಜಾಗ, ಎಲ್ಲವನ್ನೂ ಕೊಟ್ಟು ನೋಡಿದೆ. ಎಲ್ಲೂ ನಿಲ್ಲಲಿಲ್ಲ.

ಸಂಜೆ ಬೆಳಗೋಡಿಗೆ ಮರಳುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸಿನ ತೊಡೆಯ ಮೇಲೆ ರಕ್ತಪರೀಕ್ಷೆಯ ಲಕೋಟೆಯಿತ್ತು. ಯಾವ ಆಸ್ಪತ್ರೆಯದೆಂದು ಓದುವ ಧೈರ್ಯವಾಗದೆ ಕಿಟಕಿಯ ಕಡೆ ತಿರುಗಿಕೊಂಡೆ.