ರಾಣಿಯ ತೊಡೆಯ ಮೇಲಿನ ಬರೆ

ಸ್ನೇಹಿತರೇ, ನಮ್ಮ ನಾಯಿ ರಾಣಿಗೆ ಈ ವಾರ ಹಿಂಗಾಲಿನ ಆಪರೇಷನ್ ಆಗಲೇಬೇಕು. ತಡವಾದರೆ ಆ ಕಾಲನ್ನು ಅವಳು ಮತ್ತೆ ನೆಲಕ್ಕೆ ಊರುವುದಿಲ್ಲ ಎಂದಿದ್ದಾರೆ ಡಾಕ್ಟರು. ಇವತ್ತು ಬೆಳಿಗ್ಗೆ ಅದರ ಖರ್ಚಿನ ಕ್ಲೇಮ್ ಪರಿಶೀಲನೆಗೆಂದು ರಾಣಿಯ ವಿಮಾ ಕಂಪನಿಯವರೊಬ್ಬರು ಹೊಸಪೇಟೆಯ ನಮ್ಮ ಮನೆಗೆ ಬಂದರು. ಅವಳ ತೊಡೆಯ ಮೇಲಿನ ಹಳೆಯ ಸುಟ್ಟ ಗುರುತಿನ ಫೋಟೊ ತೆಗೆದುಕೊಂಡರು.

"ಇದು ಬರೆ ಅಲ್ಲೇನ್ರಿ?"

"ಹೌದ್ರಿ. ಮರಿ ಕೊಟ್ಟ ಬುಕ್ಕಸಾಗರದ ಅಜ್ಜಿ ಹಾಕಿದ್ದು. ಆಕಿ ಎಲ್ಲಾ ಮರಿಗೂ ಹಾಕ್ತಾಳ, ಮುಂದ ರೋಗ ಬರಬಾರದಂತ."

"ರೋಗ ಇಲ್ಲದ ಯಾರಾರ ಬರೆ ಹಾಕ್ತಾರೇನ್ರಿ? ಕಾಲಿನ ಬ್ಯಾನಿ ಪಾಲಿಸಿಗಿಂತ ಮೊದಲಿಂದು ಅಂತ ಬರೀತೀನಿ. ಕ್ಲೇಮ್ ಆಗಂಗಿಲ್ಲ."

"ಆರು ವರ್ಷ ಹೊಳಿ ದಂಡಿಗೆ ಓಡ್ಯಾಳಲ್ರಿ, ಅದನ್ನೂ ಬರೀರಿ."

"ಫಾರ್ಮಿನ್ಯಾಗ ಅದಕ್ಕ ಜಾಗ ಇಲ್ರಿ."

ರಾಣಿ ಮೂರು ಕಾಲಲ್ಲೇ ಅವರನ್ನು ಗೇಟಿನವರೆಗೆ ಕಳಿಸಿ ಬಂದಳು. ಆಪರೇಷನ್ ಗುರುವಾರ, ನಮ್ಮ ದುಡ್ಡಿನಲ್ಲೇ ಮಾಡಿಸುತ್ತೇವೆ.

ಚಿಕ್ಕಂದಿನಲ್ಲಿ ನಮ್ಮಜ್ಜಿಯೂ ರೋಗ ಬರದಿರಲಿ ಎಂದೇ ನನ್ನ ಹೊಟ್ಟೆಗೆ ಬರೆ ಹಾಕಿದ್ದಳು. ನನ್ನ ಆರೋಗ್ಯ ವಿಮೆಯವರ ಮುಂದೆ ಎಂದಿಗೂ ಅಂಗಿ ಎತ್ತಬಾರದೆಂದು ಇವತ್ತು ತೀರ್ಮಾನಿಸಿದ್ದೇನೆ.